ಅಟ್ಟದ ಮೇಲಿನ ಗಿಟಾರುಗಳನ್ನು ತೂಕಕ್ಕೆ ಹಾಕಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹಳೆಯ ವಸ್ತುಗಳ ಸಂಗ್ರಹವನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನೂ ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಆಸಕ್ತಿಯಿಂದ ಓದಿದೆ. ನಾಣ್ಯ, ಅಂಚೆಚೀಟಿ, ಗ್ರಾಮೊಫೋನ್, ಗೋಡೆ ಗಡಿಯಾರಗಳ ನಡುವೆ ಹಳೆಯ ಎಲೆಕ್ಟ್ರಿಕ್ ಗಿಟಾರು ಮತ್ತು ಆಂಪ್ಲಿಫೈಯರುಗಳ ಮಾತೂ ಒಂದು ಸಾಲಿನಲ್ಲಿ ಸುಳಿದುಹೋಗಿತ್ತು. ಅಷ್ಟಕ್ಕೇ ಓದುಗರೊಬ್ಬರು, ಮಲ್ಲಿಕಾರ್ಜುನ ಮನಸೂರ ಮತ್ತು ಗಂಗೂಬಾಯಿ ಹಾನಗಲ್ ಅವರ ನೆಲದಲ್ಲಿ ಪರದೇಶದ ಮುರುಕು ಗಿಟಾರುಗಳನ್ನು ಕೂಡಿಡುವುದು ದುಡ್ಡಿದ್ದವರ ಶೋಕಿ ಎಂದು ಬೇಸರ ವ್ಯಕ್ತಪಡಿಸಿದ್ದರು. ಆ ಶೋಕಿ ನನಗೆ ಬಹಳ ವರ್ಷಗಳಿಂದ ಇದೆ, ದುಡ್ಡು ಮಾತ್ರ ಇಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನಾನು, ಹೆಚ್ಚಿನವರು ಹೆಸರೇ ಕೇಳಿರದ ಕಂಪನಿಗಳ ಗಿಟಾರುಗಳನ್ನೂ, ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ವಾಲ್ವುಗಳಿಂದ ಅವುಗಳ ದನಿ ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರುಗಳನ್ನೂ ಹುಡುಕಿ ತಂದು, ಕೈಲಾದಷ್ಟು ರಿಪೇರಿ ಮಾಡಿ ಇಟ್ಟುಕೊಳ್ಳುತ್ತ ಬಂದಿದ್ದೇನೆ. ನನ್ನ ಹವ್ಯಾಸಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥ ವಾದ್ಯಗಳು ಇನ್ನೂ ಬಿದ್ದಿವೆ ಮತ್ತು ದೀಪಾವಳಿಗೆ ಸುಣ್ಣ-ಬಣ್ಣ ಹಚ್ಚುವ ಹೊತ್ತಿಗೆ ಅವು ಮೋಡಕಾ (ಗುಜರಿ) ಅಂಗಡಿಯ ತಕ್ಕಡಿ ಏರುತ್ತಿವೆ ಎಂಬ ಕಾರಣದಿಂದ ಈ ಪತ್ರ ಬರೆಯುತ್ತಿದ್ದೇನೆ.

ಇವು ನಮ್ಮ ಊರುಗಳಿಗೆ ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. 1960ರ ದಶಕದಿಂದ 80ರ ದಶಕದ ಕೊನೆಯವರೆಗೆ ಇಲ್ಲಿಯ ಗಣೇಶೋತ್ಸವದ ಪೆಂಡಾಲುಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ, ಜಾತ್ರೆಗಳಲ್ಲಿ ಆರ್ಕೆಸ್ಟ್ರಾ ಇಲ್ಲದೆ ರಾತ್ರಿ ಕಳೆಯುತ್ತಿರಲಿಲ್ಲ. ಕನ್ನಡ ಮತ್ತು ಹಿಂದಿ ಸಿನಿಮಾ ಗೀತೆಗಳನ್ನು ನುಡಿಸುವ ಆ ತಂಡಗಳಲ್ಲಿ ಒಬ್ಬನಾದರೂ ಗಿಟಾರು ಹಿಡಿದವನಿರಬೇಕಿತ್ತು. ರೈಲ್ವೆ ಕಾಲೊನಿಗಳಲ್ಲಿಯೂ ಚರ್ಚುಗಳಲ್ಲಿಯೂ ಗಿಟಾರಿನ ಬಳಕೆ ಅದಕ್ಕೂ ಮೊದಲಿನದು. ಆದರೆ 1991ರ ಆರ್ಥಿಕ ಸುಧಾರಣೆಗಳಿಗೆ ಮುನ್ನ ಆಮದಿನ ಮೇಲೆ ಎಷ್ಟು ಬಿಗಿ ಇತ್ತೆಂಬುದು ಆ ಕಾಲದವರಿಗೆಲ್ಲ ಗೊತ್ತು. ಅಮೆರಿಕದ ಫೆಂಡರ್, ಗಿಬ್ಸನ್ ಕಂಪನಿಗಳ ಗಿಟಾರು ನಮ್ಮವರಿಗೆ ಕ್ಯಾಲೆಂಡರಿನ ಚಿತ್ರದಷ್ಟೇ ದೂರದ ಮಾತಾಗಿತ್ತು. ಹೀಗಾಗಿ ಸಿಕ್ಕದ್ದನ್ನು ನುಡಿಸಿದರು: ಹಡಗಿನ ಕೆಲಸಕ್ಕೆ ಹೋದವರು ತಂದ ಜಪಾನಿನ ಗಿಟಾರು, ಗೋವಾದ ವಾದ್ಯಗಾರರಿಂದ ಕೈ ಬದಲಾಗಿ ಬಂದ ಯುರೋಪಿನ ಗಿಟಾರು, ಕೋಲ್ಕತ್ತದಲ್ಲಿ ತಯಾರಾದ ಗಿವ್ಸನ್‌ನಂಥ ದೇಶೀ ಗಿಟಾರು, ಅದೂ ಇಲ್ಲದಿದ್ದರೆ ಊರಿನ ಬಡಿಗ ಸಾಗವಾನಿಯಲ್ಲಿ ಕೆತ್ತಿಕೊಟ್ಟದ್ದು. ಆಂಪ್ಲಿಫೈಯರ್ ಕೊಳ್ಳಲಾಗದವರು ಮನೆಯ ವಾಲ್ವ್ ರೇಡಿಯೋದ ಹಿಂಬದಿಯಲ್ಲಿ ಗ್ರಾಮೊಫೋನಿಗೆಂದು ಇರುತ್ತಿದ್ದ ಪಿಕಪ್ ಸಾಕೆಟ್ಟಿಗೇ ಗಿಟಾರಿನ ವೈರು ಜೋಡಿಸಿಕೊಂಡರು. ವಿದೇಶದ ಸಂಗ್ರಾಹಕರು ಈಗ ಹುಡುಕಿಕೊಂಡು ಅಲೆಯುವ ಅಪರಿಚಿತ ಮಾದರಿಗಳು ನಮ್ಮಲ್ಲಿ ಕೊರತೆಯ ಕಾರಣದಿಂದಲೇ ಉಳಿದಿವೆ.

ಪ್ರಸಿದ್ಧ ಗಿಟಾರುಗಳ ಮೇಲೆ ನನಗೆ ಅಸೂಯೆಯಿಲ್ಲ. ಫೆಂಡರ್ ಕಂಪನಿಯ 1954ರ ಸ್ಟ್ರಾಟೊಕಾಸ್ಟರ್ ಅಥವಾ ಗಿಬ್ಸನ್ ಕಂಪನಿಯ 1959ರ ಲೆಸ್ ಪಾಲ್ ಗಿಟಾರಿನ ಬಗ್ಗೆ ತಿಳಿಯಬೇಕಾದದ್ದನ್ನೆಲ್ಲ ಯಾರೋ ಆಗಲೇ ಅಳೆದು, ತೂಗಿ, ಪುಸ್ತಕ ಮಾಡಿದ್ದಾರೆ. ಅವುಗಳ ಸೀರಿಯಲ್ ನಂಬರುಗಳ ಪಟ್ಟಿಯೇ ಇದೆ. ಹೆಸರಿಲ್ಲದ ಗಿಟಾರಿನಲ್ಲಿ ಇನ್ನೂ ಪತ್ತೆ ಮಾಡುವ ಕೆಲಸ ಉಳಿದಿರುತ್ತದೆ ಮತ್ತು ಅದರ ಮೈಮೇಲೆ ಅದನ್ನು ಮಾಡಿದ ಊರಿನ ಹಿಂದಿನ ಕಸುಬು ಎದ್ದು ಕಾಣುತ್ತದೆ. ಇಟಲಿಯ ರೆಕನಾಟಿಯಲ್ಲಿ 1959ರಲ್ಲಿ ಶುರುವಾದ ಏಕೋ ಕಂಪನಿಯ ಗಿಟಾರನ್ನು ನೋಡಿ: ಮುತ್ತಿನ ಹೊಳಪಿನ, ಚಿನ್ನದ ಮಿರುಗಿನ ಪ್ಲಾಸ್ಟಿಕ್ ಹಾಳೆ ಹೊದ್ದ ಮೈ, ಸಾಲಾಗಿ ಕೂತ ಒತ್ತುಗುಂಡಿಗಳು. ಅದು ತಿದಿ ಒತ್ತಿ ನುಡಿಸುವ ಅಕಾರ್ಡಿಯನ್ ವಾದ್ಯದ ತಯಾರಕರ ಸೀಮೆ. ಹರೆಯದವರಿಗೆ ಅಕಾರ್ಡಿಯನ್ ಸಾಕಾಗಿ ಗಿಟಾರು ಬೇಕಾದಾಗ, ಕಾರ್ಖಾನೆಯವರು ಕೈಯಲ್ಲಿದ್ದ ಸಾಮಗ್ರಿಯನ್ನೇ ಗಿಟಾರಿಗೆ ಅಂಟಿಸಿದರು. ಸ್ವೀಡನ್ನಿನ ಹಾಗ್‌ಸ್ಟ್ರೊಮ್ ಕಂಪನಿಯೂ 1925ರಿಂದ ಅಕಾರ್ಡಿಯನ್ ವ್ಯಾಪಾರದಲ್ಲಿದ್ದು, 50ರ ದಶಕದ ಕೊನೆಗೆ ಇದೇ ದಾರಿ ಹಿಡಿಯಿತು. ಅಮೆರಿಕದ ಡೇನೆಲೆಕ್ಟ್ರೊ ಗಿಟಾರುಗಳ ಮುಂದು-ಹಿಂದು ಎರಡೂ ಮಗ್ಗುಲು ನಮ್ಮಲ್ಲಿ ಪರೀಕ್ಷೆ ಬರೆಯಲು ಒಯ್ಯುವ ಹಾರ್ಡ್‌ಬೋರ್ಡಿನಂಥ ಮೇಸನೈಟ್. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನ ಕವಚಕ್ಕೆ ಲಿಪ್‌ಸ್ಟಿಕ್ಕಿನ ಕೊಳವೆ. ಅದೇ ಕಾರ್ಖಾನೆ ಸಿಯರ್ಸ್ ಮಳಿಗೆಗಳಿಗಾಗಿ ಸಿಲ್ವರ್‌ಟೋನ್ ಎಂಬ ಹೆಸರಿನಲ್ಲಿ, ಒಯ್ಯುವ ಪೆಟ್ಟಿಗೆಯಲ್ಲಿಯೇ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಕೂರಿಸಿದ ಗಿಟಾರನ್ನು 1962ರಲ್ಲಿ ತಂದಿತು. ಪೆಟ್ಟಿಗೆ ತೆರೆದು ನಿಲ್ಲಿಸಿದರೆ ಮನೆಯಲ್ಲೇ ಸಂಗೀತ ಕಚೇರಿ ಸಿದ್ಧ. ಅಗ್ಗದ ವಸ್ತು ಎಂದು ಆಗ ನಕ್ಕವರಿದ್ದರು. ಅದರ ನಾದವನ್ನು ದುಬಾರಿ ಗಿಟಾರಿನಲ್ಲಿ ಹುಟ್ಟಿಸಲು ಈಗ ಜನ ಹೆಣಗುತ್ತಾರೆ.

ಪೂರ್ವ ಯುರೋಪಿನ ಗಿಟಾರುಗಳದು ಇನ್ನೂ ಬೇರೆ ಜಾತಿ. ಸೋವಿಯತ್ ದೇಶದ ಟೋನಿಕಾ, ಉರಾಲ್ ಗಿಟಾರುಗಳು ಭಾರ, ಒರಟು. ಅವುಗಳಿಗೆ ವೈರು ಚುಚ್ಚುವ ಮಾಮೂಲಿ ಜ್ಯಾಕ್ ಇರದೆ, ಹಳೆಯ ಟೇಪ್ ರೆಕಾರ್ಡರುಗಳಲ್ಲಿದ್ದ ಐದು ಕಡ್ಡಿಯ ಡಿನ್ ಸಾಕೆಟ್ ಇರುತ್ತದೆ. ಮನೆಯಲ್ಲಿ ಅಂಥ ಗಿಟಾರು ಕಂಡು, ವೈರು ಸೇರುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದು ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಇನ್ನು ಪರದೇಶದ ವಾದ್ಯ ಎಂಬ ಆಕ್ಷೇಪಣೆಗೆ ಬರುತ್ತೇನೆ. ಗದುಗಿನ ಗರುಡ ಸದಾಶಿವರಾಯರ ನಾಟಕ ಮಂಡಳಿಯಿಂದ ಹಿಡಿದು ಈ ಭಾಗದ ಯಾವ ಕಂಪನಿ ನಾಟಕವನ್ನಾದರೂ ಕಾಲುಪೆಟ್ಟಿಗೆಯ ಹಾರ್ಮೋನಿಯಂ ಇಲ್ಲದೆ ಊಹಿಸಲಾದೀತೆ? ಆ ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ. ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಹೊರಗಿಟ್ಟಷ್ಟೂ ಕಾಲ ನಮ್ಮ ರಂಗದ ಮೇಲೆ, ಭಜನೆಯಲ್ಲಿ, ಸಂಗೀತದ ಪಾಠದ ಕೋಣೆಯಲ್ಲಿ ಅದು ಇದ್ದೇ ಇತ್ತು. ಧಾರವಾಡದಲ್ಲಿ ನೆಲೆಸಿದ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿದವರು. ವಾದ್ಯ ಹಿರಿಯರಿಂದ ಬಂದಂತೆಯೇ ಇರಬೇಕೆಂದು ಅವರೂ ಒಪ್ಪಿರಲಿಲ್ಲ. ಗಿಟಾರಿನ ವಿಷಯದಲ್ಲಂತೂ ಬ್ರಿಜ್‌ಭೂಷಣ್ ಕಾಬ್ರಾ ಅವರು ಅದನ್ನು ಮಡಿಲಲ್ಲಿ ಮಲಗಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು, ವಿಶ್ವಮೋಹನ ಭಟ್ಟರು ಅದಕ್ಕೆ ತಾವಾಗಿಯೇ ಮಿಡಿಯುವ ತರಬಿನ ತಂತಿ ಕಟ್ಟಿ ಮೋಹನವೀಣೆ ಮಾಡಿದರು. ಮಾರಾಟಕ್ಕೆ ಬಂದು ನೆಲೆಯೂರಿದ ಮೊದಲ ಎಲೆಕ್ಟ್ರಿಕ್ ಗಿಟಾರು, ಅಂದರೆ 1932ರಲ್ಲಿ ರಿಕನ್‌ಬಾಕರ್ ಕಂಪನಿ ಹೊರತಂದ ಬಾಣಲೆಯಾಕಾರದ ಅಲ್ಯೂಮಿನಿಯಂ ವಾದ್ಯ, ಇದೇ ರೀತಿ ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರೇ ಆಗಿತ್ತು. ಗಮಕ ಎಳೆಯಲು ಅನುಕೂಲವಾದ ಆ ಬಗೆಯ ಗಿಟಾರು ನಮ್ಮ ದೇಶದಲ್ಲಿ ಬಹುಬೇಗ ಮನೆಮಾತಾದದ್ದರಲ್ಲಿ ಆಶ್ಚರ್ಯವಿಲ್ಲ. ಮನಸೂರರ ಹೆಸರನ್ನು ಮುಂದಿಟ್ಟು ಗಿಟಾರನ್ನು ಹೊರಗೆ ಹಾಕುವುದು ಮನಸೂರರಿಗೂ ನ್ಯಾಯವಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯ. ಒಂದು ಮಾತು ಇಲ್ಲಿಯೇ ಸೇರಿಸುತ್ತೇನೆ. ಬ್ರೆಜಿಲ್ ದೇಶವು ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು 60ರ ದಶಕದ ಕೊನೆಯಲ್ಲಿ ನಿಲ್ಲಿಸಿದ ಮೇಲೆ ಅಮೆರಿಕದ ಗಿಟಾರು ಕಂಪನಿಗಳು ಭಾರತದ ಬೀಟೆ ಮರಕ್ಕೆ ತಿರುಗಿದವು. ಪರದೇಶದ್ದೆಂದು ನಾವು ದೂರುವ ಎಷ್ಟೋ ಗಿಟಾರುಗಳಲ್ಲಿ ಬೆರಳಾಡುವ ಪಟ್ಟಿ ನಮ್ಮ ದೇಶದ ಕಾಡಿನದು.

ಗಿಟಾರಿಗಿಂತ ಆಂಪ್ಲಿಫೈಯರುಗಳ ಗತಿ ಹೆಚ್ಚು ಶೋಚನೀಯ. ಗಿಟಾರನ್ನು ಕಂಡರೆ ಮಕ್ಕಳಾದರೂ ಗೋಡೆಗೆ ತೂಗುಹಾಕುತ್ತಾರೆ. ವಾಲ್ವ್ ಆಂಪ್ಲಿಫೈಯರ್ ಎಂದರೆ ಭಾರವಾದ ಕಬ್ಬಿಣದ ಡಬ್ಬಿ. ಮೋಡಕಾದವನಿಗೆ ಅದರೊಳಗಿನ ಟ್ರಾನ್ಸ್‌ಫಾರ್ಮರಿನ ತಾಮ್ರವೊಂದೇ ಕಣ್ಣಿಗೆ ಬೀಳುತ್ತದೆ. ತಾಮ್ರ ಬಿಚ್ಚಿಕೊಂಡು ವಾಲ್ವುಗಳನ್ನು ಗಾಜೆಂದು ಒಡೆದು ಹಾಕಿದ ರಾಶಿಯನ್ನು ಹುಬ್ಬಳ್ಳಿಯ ಒಂದು ಗುಜರಿಯಲ್ಲಿ ನಾನೇ ನೋಡಿದ್ದೇನೆ. ಇಎಲ್84 ಎಂಬ ಕಿರುಬೆರಳಿನ ಗಾತ್ರದ ವಾಲ್ವ್ ಹಳೆಯ ರೇಡಿಯೋಗಳಲ್ಲಿ ಸಾಮಾನ್ಯವಾಗಿತ್ತು. ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎಸಿ30 ಗಿಟಾರ್ ಆಂಪ್ಲಿಫೈಯರಿನಲ್ಲಿ ದನಿ ಹೊರಡಿಸುವುದೂ ಅವೇ ನಾಲ್ಕು ಇಎಲ್84ಗಳು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 60ರ ದಶಕದಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು ಮತ್ತು ಅವು ಗುಣದಲ್ಲಿ ಹೊರಗಿನವಕ್ಕೆ ಕಡಿಮೆಯಿಲ್ಲ ಎಂಬುದು ನನ್ನ ಅನುಭವ. ಹೀಗಿರುವಾಗ ಸಭೆ-ಸಮಾರಂಭಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಹಳೆಯ ಅಹುಜಾ ಆಂಪ್ಲಿಫೈಯರ್, ಮನೆಯ ಮೂಲೆಯ ಮರ್ಫಿ ರೇಡಿಯೋ, ಇವೆಲ್ಲ ಗಿಟಾರಿನ ಸಂಗ್ರಾಹಕನ ದೃಷ್ಟಿಯಲ್ಲಿಯೂ ಬೆಲೆಯುಳ್ಳ ವಸ್ತುಗಳೇ.

ಆದರೆ ಅಂಥ ಆಂಪ್ಲಿಫೈಯರ್ ಸಿಕ್ಕ ಸಂತೋಷಕ್ಕೆ ಅದರ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಬೇಡಿರೆಂದು ಕೈಮುಗಿದು ಹೇಳುತ್ತೇನೆ. ವಾಲ್ವ್ ಸೆಟ್ಟಿನ ಒಳಗೆ 300 ವೋಲ್ಟಿಗೂ ಮೀರಿದ ಡಿ.ಸಿ. ಹರಿಯುತ್ತಿರುತ್ತದೆ. ಅದನ್ನು ಹಿಡಿದಿಡುವ ಫಿಲ್ಟರ್ ಕಂಡೆನ್ಸರುಗಳು ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು ಜೀವ ಹಿಡಿದುಕೊಂಡಿರಬಲ್ಲವು, ಮುಟ್ಟಿದವರ ಜೀವ ತೆಗೆಯಲೂಬಲ್ಲವು. ಹತ್ತಾರು ವರ್ಷ ಸುಮ್ಮನೆ ಬಿದ್ದ ಕಂಡೆನ್ಸರಿನ ಒಳಗಿನ ರಸ ಒಣಗಿ, ಅದರ ತೆಳು ನಿರೋಧಕ ಪದರ ಸವೆದಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿಟ್ಟರೆ ಅದು ಸಿಡಿಯುವುದಷ್ಟೇ ಅಲ್ಲದೆ, ಮತ್ತೆ ಸಿಗದ ಪವರ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತದೆ. ಅಮೆರಿಕದ ಸೆಟ್ಟಾದರೆ ಅದು ಸುಮಾರು 117 ವೋಲ್ಟಿಗೆ ಮಾಡಿದ್ದು, ನಮ್ಮ 230 ವೋಲ್ಟಿಗೆ ಕ್ಷಣಮಾತ್ರ ತಾಳುವುದಿಲ್ಲ. ಹಳೆಯ ರೇಡಿಯೋ ಮೆಕ್ಯಾನಿಕ್ಕುಗಳು ಒಂದು ತಂತಿಬಲ್ಬನ್ನು ಸೀರೀಸಿನಲ್ಲಿ ಹಾಕಿ ಸೆಟ್ಟನ್ನು ಪರೀಕ್ಷಿಸುತ್ತಿದ್ದರು. ಬಲ್ಬು ಜೋರಾಗಿ ಉರಿದು ಹಾಗೆಯೇ ನಿಂತರೆ ಒಳಗೆ ಶಾರ್ಟ್ ಇದೆಯೆಂದು ಅರ್ಥ. ಉರಿದು ಮೆಲ್ಲಗೆ ಮಂದವಾದರೆ ಮುಂದುವರಿಯಬಹುದು. ಎಲ್‌ಇಡಿ ಬಂದ ಮೇಲೆ ಆ ತಂತಿಬಲ್ಬೇ ಅಪರೂಪವಾಗಿದೆ, ಇದ್ದವರು ಒಂದೆರಡು ತೆಗೆದಿಡಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೈಕೊಡುತ್ತದೆ ಎಂಬುದನ್ನೂ, ಎರಡು ಕಡ್ಡಿಯ ಹಳೆಯ ವೈರನ್ನು ತೆಗೆಸಿ ಅರ್ಥಿಂಗ್ ಇರುವ ಮೂರು ಕಡ್ಡಿಯ ವೈರು ಹಾಕಿಸದೆ ಬಳಸಬಾರದು ಎಂಬುದನ್ನೂ ಮರೆಯಬಾರದು. ಗಿಟಾರಿನ ತಂತಿ ಹಿಡಿದವನ ಬೆರಳು ನೇರವಾಗಿ ಆಂಪ್ಲಿಫೈಯರಿನ ಚಾಸಿಗೆ, ಅಂದರೆ ಅದರ ಲೋಹದ ಚೌಕಟ್ಟಿಗೆ, ಸೇರಿರುತ್ತದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಟ್ರಾನ್ಸ್‌ಫಾರ್ಮರ್ ಸುಟ್ಟರೂ ಎಲ್ಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಕುಶಲಿಗರು ಗದಗ, ಹಾವೇರಿ, ಹುಬ್ಬಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಳೆಯ ಸುರುಳಿಯನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿಕೊಂಡು, ತಂತಿಯ ಗೇಜ್ ಅಳೆದು ಕೊಟ್ಟರೆ ಅವರು ಪವರ್ ಟ್ರಾನ್ಸ್‌ಫಾರ್ಮರನ್ನು ಚೊಕ್ಕವಾಗಿ ಸುತ್ತಿಕೊಡಬಲ್ಲರು. ಗಿಟಾರಿನ ಪಿಕಪ್ ಮಾತ್ರ ಅವರ ಕೈಗೆ ನಾಜೂಕು. ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ, ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮಲ್ಟಿಮೀಟರ್ ಹಚ್ಚಿ ನೋಡಿದರೆ ಅದು ಕೆಲವು ಸಾವಿರ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಆದರೂ ಎಸೆಯಬೇಡಿ, ಅದನ್ನು ಸುತ್ತುವವರು ಈಗ ಬೇರೆ ಕಡೆ ಇದ್ದಾರೆ.

ಗಿಟಾರಿನ ವಯಸ್ಸು ತಿಳಿಯಲು ಅದರ ಹೊಳಪನ್ನು ನೋಡುವುದರಿಂದ ಪ್ರಯೋಜನವಿಲ್ಲ. ಅಮೆರಿಕದ ಗಿಟಾರು ಅಥವಾ ಆಂಪ್ಲಿಫೈಯರ್ ಆಗಿದ್ದರೆ ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ ಒತ್ತಿರುವ ಅಂಕಿಗಳನ್ನು ಓದಬೇಕು. ಮೊದಲ ಮೂರು ಅಂಕಿ ತಯಾರಕರ ಗುರುತು: 137 ಇದ್ದರೆ ಸಿಟಿಎಸ್, 304 ಇದ್ದರೆ ಸ್ಟ್ಯಾಕ್‌ಪೋಲ್. ಉಳಿದವು ವರ್ಷ ಮತ್ತು ವಾರ. 1376612 ಎಂದಿದ್ದರೆ ಅದು ಸಿಟಿಎಸ್ ಕಂಪನಿಯು 1966ರ 12ನೆಯ ವಾರದಲ್ಲಿ ಮಾಡಿದ ಕಂಟ್ರೋಲ್, ಅದು ಮೂಲದ್ದೇ ಆಗಿದ್ದರೆ ಗಿಟಾರು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಸ್ಪೀಕರುಗಳ ಮೇಲೂ ಇದೇ ಪದ್ಧತಿ. 220 ಎಂದರೆ ಜೆನ್ಸೆನ್. ಆದ್ದರಿಂದಲೇ ರಿಪೇರಿಯ ಹೆಸರಿನಲ್ಲಿ ಹಳೆಯ ಕಂಟ್ರೋಲುಗಳನ್ನು ಕಿತ್ತೆಸೆಯುವುದು ದಾಖಲೆ ಸುಟ್ಟಂತೆ. ಬದಲಿಸಲೇಬೇಕಾದರೆ ಹಳೆಯದನ್ನು ಒಂದು ಪಾಕೀಟಿನಲ್ಲಿ ಹಾಕಿ ಗಿಟಾರಿನ ಪೆಟ್ಟಿಗೆಯಲ್ಲೇ ಇಡಬೇಕು.

ಬಣ್ಣದ ವಿಷಯದಲ್ಲಿ ನಮ್ಮವರ ಉತ್ಸಾಹ ನನಗೆ ಭಯ ಹುಟ್ಟಿಸುತ್ತದೆ. ಅಜ್ಜನ ಗಿಟಾರಿನ ಮೇಲೆ ಪ್ರೀತಿ ಬಂದ ಮೊಮ್ಮಗ ಮೊದಲು ಮಾಡುವ ಕೆಲಸವೆಂದರೆ ಅದನ್ನು ಕಾರ್ ಪೇಂಟಿಂಗಿನವನ ಹತ್ತಿರ ಒಯ್ಯುವುದು. ಬೆವರು ತಿಂದು ಸವೆದ ಮೂಲ ಬಣ್ಣಕ್ಕೆ ಇರುವ ಮರ್ಯಾದೆ, ಎಷ್ಟೇ ಥಳಥಳಿಸಲಿ, ಹೊಸ ಬಣ್ಣಕ್ಕೆ ಸಂಗ್ರಾಹಕರಲ್ಲಿ ಇಲ್ಲ. ಒಣಬಟ್ಟೆಯಿಂದ ಒರೆಸಿ, ತಂತಿಗಳನ್ನು ತುಸು ಸಡಿಲಿಸಿ, ಗೆದ್ದಲು ಬಾರದ, ಬಿಸಿಲು ತಾಗದ ಜಾಗದಲ್ಲಿ ಇಟ್ಟರೆ ಸಾಕು. ಧಾರವಾಡದ ಮಳೆಗಾಲದ ತೇವಕ್ಕೂ ಗದುಗಿನ ಬೇಸಿಗೆಯ ಒಣಗಾಳಿಗೂ ಮರ ಒಂದೇ ತೆರನಾಗಿ ವರ್ತಿಸುವುದಿಲ್ಲ, ಒಂದೂರಿನಿಂದ ಇನ್ನೊಂದೂರಿಗೆ ಒಯ್ದರೆ ಕುತ್ತಿಗೆ ಬಾಗುವುದುಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ. ಹಳೆಯ ಸೆಲ್ಯುಲಾಯ್ಡ್ ಫಲಕಗಳಿರುವ ಗಿಟಾರನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿಡಬಾರದು; ಅದು ಕೊಳೆಯತೊಡಗಿದರೆ ಹೊರಬೀಳುವ ಆಮ್ಲದ ಆವಿ ಪಕ್ಕದ ಲೋಹವನ್ನೆಲ್ಲ ತಿನ್ನುತ್ತದೆ.

ಬೆಲೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಮಾರ್ಟಿನ್ ಕಂಪನಿಯ ಡಿ-18ಇ ಎಂಬುದು 50ರ ದಶಕದ ಕೊನೆಯಲ್ಲಿ ಸ್ವಲ್ಪ ಕಾಲ ಮಾತ್ರ ತಯಾರಾಗಿ, ಹೆಚ್ಚು ಜನರಿಗೆ ಇಷ್ಟವಾಗದೆ ನಿಂತುಹೋದ ಗಿಟಾರು. ಅಮೆರಿಕದ ರಾಕ್ ಗಾಯಕ ಕರ್ಟ್ ಕೊಬೇನ್ ನುಡಿಸಿದ ಅಂಥ ಒಂದು ಗಿಟಾರು 2020ರ ಜೂನ್ ತಿಂಗಳಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಅಲ್ಲಿ ಮಾರಾಟವಾದದ್ದು ನುಡಿಸಿದವನ ಹೆಸರು. ವಿಶ್ವಮೋಹನ ಭಟ್ಟರೊಂದಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಹಂಚಿಕೊಂಡ ಅಮೆರಿಕದ ಗಿಟಾರು ವಾದಕ ರೈ ಕೂಡರ್ ತನ್ನ ಗಿಟಾರಿಗೆ ಜಪಾನಿನ ಟೀಸ್ಕೊ ಕಂಪನಿಯ ಚಿನ್ನದ ಬಣ್ಣದ ಹಾಳೆಯ ಪಿಕಪ್ ಹಾಕಿಕೊಂಡದ್ದು ಸುದ್ದಿಯಾದ ಮೇಲೆ, 1946ರಲ್ಲಿ ಹುಟ್ಟಿ 1967ರಲ್ಲಿ ಕವಾಯಿ ಕಂಪನಿಯ ಪಾಲಾದ ಆ ಟೀಸ್ಕೊದ ಗಿಟಾರುಗಳಿಗೆ ಬೇಡಿಕೆ ಬಂತು. ಬಂದ ಬೇಡಿಕೆ ಗಿಟಾರುಗಳಿಗೆ ಒಳಿತು ಮಾಡಲಿಲ್ಲ, ಪಿಕಪ್ಪಿಗಾಗಿ ಇಡೀ ಗಿಟಾರುಗಳನ್ನು ಬಿಚ್ಚಿ ಹಾಕಿದರು. ನಮ್ಮ ಕಡೆಯ ಮನೆಗಳಿಗೂ ಇಂಥ ಬಿಡಿಭಾಗಗಳ ವ್ಯಾಪಾರಿಗಳು ಬರಬಹುದು. ಯಾರಾದರೂ ಗಿಟಾರು ಬಿಟ್ಟು ಬರೀ ಪಿಕಪ್ ಕೇಳಿದರೆ, ದಯವಿಟ್ಟು ಚಹಾ ಕುಡಿಸಿ ಕಳಿಸಿ.

ಅಜ್ಞಾತ ಗಿಟಾರಿನ ನಿಜವಾದ ಬೆಲೆಯಿರುವುದು ಅದರ ಜೊತೆಗೆ ಬರುವ ಮಾಹಿತಿಯಲ್ಲಿ. ಅದನ್ನು ಯಾರು, ಯಾವ ತಂಡದಲ್ಲಿ ನುಡಿಸಿದರು, ಎಲ್ಲಿಂದ ತಂದರು, ಯಾವ ಓಣಿಯ ಗಣಪತಿಯ ಮುಂದೆ ಕಾರ್ಯಕ್ರಮ ಕೊಟ್ಟರು, ರಿಪೇರಿ ಮಾಡಿದ ಮೇಸ್ತ್ರಿ ಯಾರು ಎಂಬುದನ್ನು ಬಲ್ಲವರು ಈಗ ಎಪ್ಪತ್ತು-ಎಂಬತ್ತರ ಅಂಚಿನಲ್ಲಿದ್ದಾರೆ. ಈ ಭಾಗದ ಶಾಸ್ತ್ರೀಯ ಗಾಯಕರ ಬದುಕಿನ ಬಗ್ಗೆ ಹೇರಳವಾಗಿ ಬರೆಯಲಾಗಿದೆ, ಬರೆಯಬೇಕಾದದ್ದೇ. ಅದೇ ಊರುಗಳಲ್ಲಿ ರಾತ್ರಿಯಿಡೀ ನಿಂತು ಗಿಟಾರು ನುಡಿಸಿ ಬೆಳಗ್ಗೆ ಬ್ಯಾಂಕಿನ ಕೌಂಟರಿಗೋ ರೈಲ್ವೆ ವರ್ಕ್‌ಶಾಪಿಗೋ ಹೋದವರ ಬಗ್ಗೆ ಒಂದು ಪುಟವನ್ನು ಹುಡುಕಿದರೂ ನನಗೆ ಸಿಕ್ಕಿಲ್ಲ. ಮನೆಯವರು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು, ಹಳೆಯ ಕರಪತ್ರ ಅಥವಾ ಫೋಟೊ ಇದ್ದರೆ ಸೇರಿಸಿ, ಗಿಟಾರಿನ ಪೆಟ್ಟಿಗೆಯಲ್ಲಿ ಇಟ್ಟರೆ ಮುಂದೆ ಅದು ಯಾರ ಕೈ ಸೇರಿದರೂ ನಷ್ಟವಿಲ್ಲ.

ವಿಶ್ವವಿದ್ಯಾಲಯದ ಸಂಗೀತ ವಿಭಾಗದವರು, ತಮ್ಮಲ್ಲಿರುವ ತಂಬೂರಿ-ಸಿತಾರುಗಳ ಪಕ್ಕದಲ್ಲಿ ಆರ್ಕೆಸ್ಟ್ರಾ ಕಾಲದ ಒಂದು ಗಿಟಾರಿಗೂ ಒಂದು ವಾಲ್ವ್ ಆಂಪ್ಲಿಫೈಯರಿಗೂ ಜಾಗ ಮಾಡಿಕೊಡಬೇಕು. ನಮ್ಮ ಪಾಲಿಟೆಕ್ನಿಕ್ ಮತ್ತು ಐಟಿಐಗಳು ವಾಲ್ವಿನ ಪಾಠವನ್ನು ಪಠ್ಯದಿಂದ ತೆಗೆದದ್ದು ಸರಿಯೇ, ಆದರೆ ಆಸಕ್ತ ಹುಡುಗ-ಹುಡುಗಿಯರಿಗೆ ವರ್ಷಕ್ಕೊಮ್ಮೆ ಒಂದು ವಾರದ ಶಿಬಿರ ನಡೆಸಲು ಯಾರ ಅನುಮತಿಯೂ ಬೇಕಾಗದು. ಕಲಿಸಲು ನನ್ನಂಥ ನಿವೃತ್ತರು ಸಂಬಳ ಕೇಳದೆ ಬರುತ್ತೇವೆ. ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಳೆಯ ಆರ್ಕೆಸ್ಟ್ರಾಗಳ ಫೋಟೊಗಳಿಗೆ, ಅದರಲ್ಲಿರುವವರ ಮತ್ತು ಅವರ ಕೈಯಲ್ಲಿರುವ ವಾದ್ಯಗಳ ವಿವರದೊಂದಿಗೆ, ಒಂದು ಸಣ್ಣ ಅಂಕಣ ದೊರೆತರೆ ಓದುಗರ ಮನೆಗಳಿಂದಲೇ ಬಹಳಷ್ಟು ಹೊರಬಂದೀತು. ವಾದ್ಯದ ಗುರುತು ಹಿಡಿಯುವ ಕೆಲಸದಲ್ಲಿ ಪತ್ರಿಕೆಗೆ ನೆರವಾಗಲು ನಾನು ಸಿದ್ಧನಿದ್ದೇನೆ. ಶೋಕಿ ಎಂದು ಬರೆದ ಆ ಓದುಗರೂ ತಮ್ಮ ಅಟ್ಟವನ್ನು ಒಮ್ಮೆ ಹತ್ತಿ ನೋಡುವ ಕೃಪೆ ಮಾಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ವಿದ್ಯಾನಗರ, ಹುಬ್ಬಳ್ಳಿ